ನಿಂಗಯ್ಯನ ಎರಡೂವರೆ ಅಡಿ ಲಾರಿ

ನಿಂಗಯ್ಯ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಅವನನ್ನು ಗದರಿಸಿ ಕಳಿಸಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊತ್ತತ್ತಿಯ ಕಡೆಯ ಹಳಬರು ಯಾರಾದರೂ ಸಿಕ್ಕಿದರೆ, "ಪಾಪ, ನಿಂಗಯ್ಯಂಗೆ ನೀವೊಬ್ರೇ ಆಸ್ರೆ ಆಗಿದ್ರಿ ಸ್ವಾಮಿ" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಅವನಿಗೆ ಮಾಡಿದ್ದೇನು ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅವನು ಹೋದ. ಅವನ ಹೆಂಡತಿಯೂ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಹೇಳಿದರೆ ನೋಯುವವನು ನಾನೊಬ್ಬನೇ, ಅದಕ್ಕೇ ಹೇಳುತ್ತಿದ್ದೇನೆ.

1975ರ ಸಂಕ್ರಾಂತಿ ಕಳೆದ ವಾರ ಅದು. ಮಂಡ್ಯದ ಪೇಟೆ ಬೀದಿಯಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಹದಿನೈದು ವರ್ಷ ವೈರ್‌ಲೆಸ್ ಸೆಟ್ಟುಗಳ ಜೊತೆ ಹೆಣಗಿ ಬಂದವನು ನಾನು. ವಿಜ್ಞಾನದ ವಿಷಯದಲ್ಲಿ ಈ ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಆಗ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಂದು ಬೆಳಿಗ್ಗೆ ಒಬ್ಬ ಕುಂಟುತ್ತಾ ಬಂದು, ಗೋಣಿಚೀಲದಿಂದ ಒಂದು ತಗಡಿನ ಲಾರಿಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ವಯಸ್ಸು ಮೂವತ್ತೈದರ ಆಸುಪಾಸು. ಎಡಗಾಲು ಮಂಡಿಯ ಹತ್ತಿರ ಮಡಚುತ್ತಿರಲಿಲ್ಲ.

"ಸ್ವಾಮಿ, ಇದ್ಕೆ ರೇಡಿಯೋ ಆಕ್ಕೊಡಿ. ದೂರ ನಿಂತ್ಕಂಡು ನಾ ಒತ್ತಿದ್ರೆ ಇದು ತಾನೇ ಓಗ್ಬೇಕು, ತಾನೇ ತಿರುಗ್ಬೇಕು" ಎಂದ.

ಆಟದ ಸಾಮಾನು ಮಾಡಿಕೊಡಲು ನಾನು ಕೂತಿಲ್ಲ, ಮಕ್ಕಳಿಗೆ ಬೇಕಿದ್ದರೆ ಜಾತ್ರೆಯಲ್ಲಿ ಕೊಂಡುಕೋ ಎಂದು ರೇಗಿದೆ. ಅವನು ಕದಲಲಿಲ್ಲ.

"ಆಡಕಲ್ಲ ಸ್ವಾಮಿ. ಬೀಳ್ಸಕೆ."

ಹುಚ್ಚನೇ ಇರಬೇಕೆಂದು ಹೊರಗೆ ಕಳಿಸಿದೆ. ಆದರೆ ಲಾರಿಯನ್ನು ಅವನು ಅಲ್ಲೇ ಬಿಟ್ಟು ಹೋಗಿದ್ದ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನು ತಿರುಗಿಸಿ ನೋಡಿದೆ. ನೋಡಿದವನು ಊಟಕ್ಕೂ ಏಳಲಿಲ್ಲ. ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಮೂತಿ, ಮರದ ಬಾಡಿ, ಕೊಡೆಯ ಕಡ್ಡಿಗಳನ್ನು ಒಂದರ ಮೇಲೊಂದು ಕಟ್ಟಿ ಮಾಡಿದ ಪ್ಲೇಟು ಸ್ಪ್ರಿಂಗು, ಹವಾಯಿ ಚಪ್ಪಲಿಯ ಅಟ್ಟೆಗಳನ್ನು ಅಂಟಿಸಿ ಕೊರೆದ ಟೈರು. ಹಿಂದಿನ ಚಕ್ರಗಳು ಜೋಡಿ ಜೋಡಿಯಾಗಿದ್ದವು. ನಿಜವಾದ ಲಾರಿಯ ಒಂದು ಅಡಿಗೆ ಇದರಲ್ಲಿ ಒಂದೂವರೆ ಇಂಚು. ನಾನು ಅಳತೆಪಟ್ಟಿ ಹಿಡಿದು ಹುಡುಕಿದರೂ ಎಲ್ಲೂ ಒಂದು ನೂಲು ತಪ್ಪಿರಲಿಲ್ಲ. ಹುಚ್ಚರ ಕೈ ಇಷ್ಟು ಲೆಕ್ಕಾಚಾರದಿಂದ ಕೆಲಸ ಮಾಡುವುದಿಲ್ಲ ಎಂದು ನನಗೆ ಅನ್ನಿಸಿತು.

ಮಾರನೆಯ ದಿನ ಅವನು ಬಂದಾಗ ಕೂರಿಸಿ ಕೇಳಿದೆ. ಆಗ ಕಥೆ ಗೊತ್ತಾಯಿತು.

ನಿಂಗಯ್ಯ ಕೊತ್ತತ್ತಿಯವನು. ಒಂದಿಷ್ಟು ಗದ್ದೆಯಿದ್ದ ಮನೆತನ, ಆದರೆ ಇವನಿಗೆ ಸ್ಟೇರಿಂಗಿನ ಹುಚ್ಚು. ಹನ್ನೆರಡು ವರ್ಷ ಕಬ್ಬಿನ ಲಾರಿ ಓಡಿಸಿದ್ದ. ಅವನ ಲಾರಿಗೆ ಕ್ಲೀನರ್ ಆಗಿದ್ದವನು ಹೆಂಡತಿಯ ತಮ್ಮ, ಮರಿಸಿದ್ದಯ್ಯ. ಮಳವಳ್ಳಿಯ ಹುಡುಗ, ಅವನ ತಾಯಿಗೆ ಅವನೊಬ್ಬನೇ ಗಂಡುಮಗ. ಒಂದು ವರ್ಷದ ಹಿಂದೆ, ಕಟಾವಿನ ಕಾಲದಲ್ಲಿ, ಕಬ್ಬು ತುಂಬಿದ ಲಾರಿ ನಾಲೆಯ ಏರಿಯ ಮೇಲಿನ ಗಾಡಿಜಾಡಿನಲ್ಲಿ ಬರುತ್ತಾ ಒಂದು ತಿರುವಿನಲ್ಲಿ ಬಲಕ್ಕೆ ವಾಲಿ ನಾಲೆಗೆ ಬಿತ್ತು. ಮರಿಸಿದ್ದಯ್ಯ ಎಲ್ಲ ಕ್ಲೀನರುಗಳ ಹಾಗೆ ಕಬ್ಬಿನ ಮೇಲೆ ಕೂತಿದ್ದ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಕಬ್ಬಿನ ಅಡಿಯಿಂದ ಅವನನ್ನು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಂಗಯ್ಯನ ಮಂಡಿ ಚೂರಾಗಿ, ಮತ್ತೆ ಕ್ಲಚ್ ತುಳಿಯುವ ಯೋಗ ಅವನಿಗೆ ಬರಲಿಲ್ಲ.

"ಜೋರಾಗಿ ಓಡಿಸಿದ್ದೆಯೇನಯ್ಯ?" ಎಂದೆ.

"ಸೆಕೆಂಡ್ ಗೇರು ಸ್ವಾಮಿ. ನನ್ನ ತಾಯಾಣೆ ಸೆಕೆಂಡ್ ಗೇರು. ಏರಿ ಮ್ಯಾಲೆ ನಡ್ಕಂಡೋಗೋರು ನನ್ನ ಲಾರಿಗಿಂತ ಮುಂದೋಯ್ತಿದ್ರು."

ಕೋರ್ಟಿನಲ್ಲಿ ಸಾಕ್ಷಿಯಿಲ್ಲದೆ ಕೇಸು ಬಿದ್ದುಹೋಯಿತು, ಮನೆಯಲ್ಲಿ ಬೀಳಲಿಲ್ಲ. ತಿಥಿಯ ದಿನ ಯಾರೋ ನೆಂಟರು, ಕುಡಿದು ಓಡಿಸಿದ್ದನಂತೆ, ರೇಸಿಗೆ ಬಿಟ್ಟಿದ್ದನಂತೆ ಎಂದು ಪಿಸುಗುಟ್ಟಿದರು. ಹೆಂಡತಿ ಮಂಗಳಮ್ಮ ಎಲ್ಲರೆದುರು ಇವನನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳಂತೆ: ಕುಡೀಲಿಲ್ಲ, ಜೋರಾಗಿ ಓಡಿಸಲಿಲ್ಲ, ಹಾಗಾದರೆ ಲಾರಿ ಯಾಕೆ ಬಿತ್ತು? ಇವನಿಗೆ ಉತ್ತರ ಗೊತ್ತಿರಲಿಲ್ಲ. ಮಂಗಳಮ್ಮ ಅಂದೇ ಮಳವಳ್ಳಿಗೆ ತಾಯಿಯ ಜೊತೆ ಹೊರಟುಹೋದಳು. ಕಾರಣ ಗೊತ್ತಾಗುವವರೆಗೆ ಆ ಮುಖವನ್ನು ತೋರಿಸಬೇಡ ಎಂದು ಹೇಳಿ ಹೋಗಿದ್ದಳು.

ಇವನು ಕಾರಣ ಹುಡುಕಲು ಕೂತ. ಲಾರಿಯನ್ನು ಮಾಲೀಕ ಗುಜರಿಗೆ ಹಾಕಿದ್ದ. ಅದಕ್ಕೇ ಈ ಪುಟ್ಟ ಲಾರಿ. ಬಿದ್ದ ಜಾಗವನ್ನು ಮೊಳ ಹಾಕಿ ಅಳೆದು, ತನ್ನ ಹೊಲದ ಮೂಲೆಯಲ್ಲಿ ಜೇಡಿಮಣ್ಣು ಮೆತ್ತಿ ಅದೇ ಏರಿ, ಅದೇ ತಿರುವು, ಗಾಡಿಚಕ್ರ ಕೊರೆದ ಅದೇ ಹಳ್ಳಗಳನ್ನು ಮಾಡಿದ್ದ. ಮೊದಲು ಹಗ್ಗ ಕಟ್ಟಿ ಎಳೆದು ನೋಡಿದನಂತೆ. "ಅಗ್ಗ ಕಟ್ಟಿದ್ರೆ ಅಗ್ಗ ಏಳಿದಂಗೆ ಬೀಳ್ತದೆ ಸ್ವಾಮಿ. ಅದು ಸುಳ್ಳು. ತಾನೇ ಓಗಿ ತಾನೇ ಬೀಳ್ಬೇಕು" ಎಂದ. ಆ ಮಾತಿಗೆ ನಾನು ಸೋತೆ.

ಮೂರು ತಿಂಗಳು ನನ್ನ ಅಂಗಡಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಲಾರಿಯ ವೈಪರ್ ತಿರುಗಿಸುವ ಹಳೆಯ ಮೋಟಾರುಗಳು ಎರಡು ಸಿಕ್ಕವು. ಒಂದು ಹಿಂದಿನ ಚಕ್ರಕ್ಕೆ, ಇನ್ನೊಂದು ಸ್ಟೇರಿಂಗಿಗೆ. ಮೋಟಾರ್‌ಸೈಕಲ್ಲಿನ ಬ್ಯಾಟರಿಯನ್ನು ಬಾನೆಟ್ಟಿನ ಒಳಗೆ ಕೂರಿಸಿದೆವು. ನಾನು ಕೊರಳಿಗೆ ನೇತುಹಾಕಿಕೊಳ್ಳುವಂಥ ಒಂದು ಪೆಟ್ಟಿಗೆ ಮಾಡಿ ಅದಕ್ಕೆ ಮೂರು ಗುಂಡಿಗಳನ್ನಿಟ್ಟೆ. ಒಂದು ಒತ್ತಿದರೆ ಮುಂದಕ್ಕೆ, ಒಂದು ಎಡಕ್ಕೆ, ಒಂದು ಬಲಕ್ಕೆ. ವೇಗಕ್ಕೆ ಪಕ್ಕದಲ್ಲಿ ರೇಡಿಯೋದ ವಾಲ್ಯೂಮ್ ತಿರುಪನ್ನೇ ಜೋಡಿಸಿದೆ. ಲೈಸೆನ್ಸಿಲ್ಲದೆ ಹೀಗೆ ಗಾಳಿಗೆ ತರಂಗ ಬಿಡುವುದು ಅಪರಾಧ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೆಂಡತಿ ಚೂಡಾಮಣಿಗೂ ಗೊತ್ತಿತ್ತು. "ಸೈನ್ಯದಿಂದ ಪೆನ್ಷನ್ ತೊಗೊಂಡು ಬಂದ್ರಿ, ಇನ್ನು ಜೈಲಿಂದ ಏನು ತರ್ತೀರೋ ನೋಡ್ಬೇಕು" ಎಂದು ತಿಂಡಿಯ ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದಳು.

ಮೊದಲ ಸಲ ನಮ್ಮ ಹಿತ್ತಲಿನಲ್ಲಿ ಲಾರಿ ಓಡಿಸಿದ ದಿನವನ್ನು ಮರೆಯಲಾರೆ. ನಾನು ಗುಂಡಿ ಒತ್ತಿದೆ. ಲಾರಿ ಗುರ್ರೆಂದು ಹೊರಟು ಬಟ್ಟೆ ಒಗೆಯುವ ಕಲ್ಲನ್ನು ಸುತ್ತಿಕೊಂಡು ಸರಾಗವಾಗಿ ಹೋಯಿತು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಸ್ಕೂಟರ್ ಚಾಲೂ ಮಾಡಿದರು. ಲಾರಿ ನನ್ನ ಮಾತು ಬಿಟ್ಟು ತಾನಾಗಿಯೇ ತಿರುಗಿ ಚೂಡಾಮಣಿಯ ತುಳಸಿಕಟ್ಟೆಗೆ ಗುದ್ದಿತು. ಸ್ಕೂಟರಿನ ಕಿಡಿಯಿಂದೇಳುವ ತರಂಗವೇ ನನ್ನ ಯಂತ್ರಕ್ಕೆ ಅಪ್ಪಣೆ ಕೊಡುತ್ತಿತ್ತು. ನಾನು ಅವಮಾನದಿಂದ ಕುದಿಯುತ್ತಿದ್ದರೆ ನಿಂಗಯ್ಯ ನಗುತ್ತಿದ್ದ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂದಿನಿಂದ ಓಡಿಸುವುದೆಲ್ಲ ಕೊತ್ತತ್ತಿಯಲ್ಲೇ, ಅವನ ಹೊಲದಲ್ಲೇ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಅವನ ತಾಯಿ ದೇವಿರಮ್ಮ ಎಳನೀರು ಕೊಚ್ಚಿ ಕೊಡುತ್ತಿದ್ದಳು. ಪಕ್ಕದ ಗದ್ದೆಯ ಪಂಪ್‌ಸೆಟ್ಟು ನಿಂತಿರುವ ಹೊತ್ತು ನೋಡಿಕೊಂಡು ಲಾರಿಯನ್ನು ಮಣ್ಣಿನ ಏರಿಯ ಮೇಲೆ ಬಿಡುತ್ತಿದ್ದೆವು. ಗುಂಡಿ ಯಾವಾಗಲೂ ನಿಂಗಯ್ಯನ ಕೈಯಲ್ಲಿ. ಓಡಿಸುವಾಗ ಅವನ ಮಡಚದ ಕಾಲು ಕ್ಲಚ್ ತುಳಿಯುವ ಹಾಗೆ ಅಲುಗುತ್ತಿತ್ತು.

ಭಾರದ ವಿಷಯದಲ್ಲಿ ನಮಗೆ ಜಗಳವಾಯಿತು. ಕಬ್ಬನ್ನೇ ತುಂಬಬೇಕು ಎಂದು ಅವನು. ಎರಡೂವರೆ ಅಡಿ ಲಾರಿಗೆ ಕಬ್ಬು ತುಂಬುವುದು ಹೇಗೆ? ನಾನು ಲೆಕ್ಕ ಹಾಕಿ ಹದಿನೈದು ಕಿಲೋ ಮರಳನ್ನು ಚೀಲದಲ್ಲಿ ಕಟ್ಟಿ ಹೇರಿದೆ. "ಕಬ್ಬೇ ಬ್ಯಾರೆ ಸ್ವಾಮಿ, ಮಳ್ಳೇ ಬ್ಯಾರೆ" ಎಂದ. "ತೂಕ ಅಂದರೆ ತೂಕ ಕಣಯ್ಯಾ, ಭೂಮಿಗೆ ಕಬ್ಬು ಮರಳು ಅಂತ ಭೇದವಿಲ್ಲ" ಎಂದು ಬಾಯಿ ಮುಚ್ಚಿಸಿದೆ. ನನ್ನ ಆ ಬುದ್ಧಿವಂತಿಕೆ ಅವನ ಏಳು ತಿಂಗಳು ತಿಂದಿತು.

ಏಳು ತಿಂಗಳು ಆ ಲಾರಿ ಬೀಳಲಿಲ್ಲ. ಮೆಲ್ಲಗೆ ಬಿಟ್ಟರೆ ಹಳ್ಳದಲ್ಲಿ ಇಳಿದು, ಒಂದಿಷ್ಟು ವಾಲಿ, ಮತ್ತೆ ನೆಟ್ಟಗಾಗಿ ತಿರುವು ದಾಟಿ ಹೋಗುತ್ತಿತ್ತು. ಹಳ್ಳ ಆಳ ಮಾಡಿದೆವು, ದಾಟಿತು. ಏರಿಯ ಅಂಚನ್ನು ನೀರು ಹಾಕಿ ಮೆತ್ತಗೆ ಮಾಡಿದೆವು, ದಾಟಿತು. ಬಲಗಡೆ ಸ್ಪ್ರಿಂಗು ಸಡಿಲಿಸಿದೆವು, ಆಗಲೂ ದಾಟಿತು. ವೇಗದ ತಿರುಪನ್ನು ಪೂರ್ತಿ ತಿರುಗಿಸಿ ಬಿಟ್ಟಾಗ ಮಾತ್ರ ಬಿತ್ತು. ಅದೂ ಪ್ರತಿ ಸಲ, ಅದೇ ಜಾಗದಲ್ಲಿ, ಬಲಕ್ಕೇ ಬಿತ್ತು.

ಇದರ ಅರ್ಥ ನಮ್ಮಿಬ್ಬರಿಗೂ ಆಗುತ್ತಿತ್ತು. ಅವನು ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಪ್ರತಿ ಭಾನುವಾರ ಅವನು ತಾನೇ ಕಟ್ಟಿದ ಏರಿಯ ಮೇಲೆ, ತಾನೇ ಮಾಡಿದ ಲಾರಿಯಿಂದ, ತಪ್ಪು ನಿನ್ನದೇ ಎನ್ನಿಸಿಕೊಂಡು ಮನೆಗೆ ಹೋಗುತ್ತಿದ್ದ. ದೀಪಾವಳಿಯ ಹೊತ್ತಿಗೆ ಅವನ ಮಾತೇ ಬದಲಾಯಿತು. "ಸೆಕೆಂಡ್ ಗೇರಲ್ಲೇ ಇದ್ದೆ ಅಂತ ನಾ ಅನ್ಕಂಡಿವ್ನೇನೋ ಸ್ವಾಮಿ. ಅವ್ನ್ ಸತ್ಮ್ಯಾಲೆ ಅನ್ಕಂಡಿವ್ನೇನೋ" ಎಂದು ಒಂದು ದಿನ ಹೇಳಿದ. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಕಾರ್ತಿಕ ಮಾಸದಲ್ಲಿ ದೇವಿರಮ್ಮ ನನ್ನ ಅಂಗಡಿಗೇ ಬಂದಳು. ಮೆಟ್ಟಿಲ ಮೇಲೆ ಕೂತವಳು ಒಳಗೆ ಬರಲೊಲ್ಲಳು.

"ಸ್ವಾಮೇರ, ಆ ಆಟದ ಲಾರಿನಾ ಒಡ್ದಾಕ್ಬುಡಿ. ನಿಮ್ಗೆ ಕೈ ಮುಗೀತೀನಿ."

"ಯಾಕಮ್ಮಾ?"

"ಮೂರ್ ದಿನಾಯ್ತು ಇಟ್ಟು ಮುಟ್ಟಿಲ್ಲ. ವತ್ತಾರೆಯಿಂದ ನಾಲೆ ತಾವ್ ಕೂತವ್ನೆ. ನೀರ್ಗೆ ಕಾಲ್ ಬುಟ್ಕಂಡು ಕೂತವ್ನೆ. ಅವ್ನಿಗೆ ಈಜ್ ಬರಾಕಿಲ್ಲ ಸ್ವಾಮೇರ."

ಅಂಗಡಿ ಮುಚ್ಚಿ ಅವಳ ಜೊತೆಗೇ ಕೊತ್ತತ್ತಿಗೆ ಹೋದೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಸಿಟ್ಟು. ಆ ಸಿಟ್ಟಿನಲ್ಲೇ, ಕೊನೆಗೆ, ಏಳು ತಿಂಗಳು ತಡವಾಗಿ, ಅವನ ಮಾತಿಗೆ ತಲೆಬಾಗಿದೆ. ನಾಲೆಯ ದಂಡೆಯಲ್ಲಿ ಕೂತಿದ್ದವನ ಹತ್ತಿರ ಹೋಗಿ, "ಏಳಯ್ಯಾ, ಕಬ್ಬು ತುಂಬಿ ನೋಡೋಣ" ಎಂದೆ.

"ಎಲ್ಲಿಂದ ತತ್ತೀರಿ ಅಷ್ಟು ಸಣ್ ಕಬ್ಬ?"

ನಾನು ಅವರ ಮನೆಯ ಗೋಡೆಯತ್ತ ಕೈ ತೋರಿಸಿದೆ. ಪೊರಕೆ ಕಟ್ಟಲೆಂದು ದೇವಿರಮ್ಮ ತೆಂಗಿನ ಗರಿ ಸೀಳಿ ಒಣಹಾಕಿದ್ದ ಕಡ್ಡಿಗಳು ರಾಶಿ ಬಿದ್ದಿದ್ದವು. ಗರಿಯ ತುದಿಭಾಗದ ಗಿಡ್ಡ ಕಡ್ಡಿಗಳನ್ನು ಆರಿಸಿದರೆ ಒಂದಡಿ ಉದ್ದ, ಬುಡ ದಪ್ಪ, ತುದಿ ಸಣ್ಣ. ಎಂಟಡಿ ಕಬ್ಬಿಗೆ ನಮ್ಮ ಅಳತೆಯಲ್ಲಿ ಒಂದಡಿಯೇ ಆಗಬೇಕು. ನಿಂಗಯ್ಯ ಒಂದು ಕಡ್ಡಿ ಎತ್ತಿ ಬೆರಳ ನಡುವೆ ತಿರುಗಿಸಿ ನೋಡಿದ. ಆಮೇಲೆ ಆರಿಸತೊಡಗಿದ.

ಎರಡು ದಿನ ಹಿಡಿಯಿತು. ಕಡ್ಡಿಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿ ಅವನೇ ಲಾರಿಗೆ ಅಡ್ಡಡ್ಡವಾಗಿ ಪೇರಿಸಿದ. ಆ ಭಾನುವಾರ ಬೆಳಿಗ್ಗೆ ಮೆಲ್ಲಗೆ ಏರಿಯ ಮೇಲೆ ಬಿಟ್ಟ. ಲಾರಿ ಹಳ್ಳಕ್ಕಿಳಿಯಿತು, ವಾಲಿತು, ನೆಟ್ಟಗಾಯಿತು, ದಾಟಿತು. ಮತ್ತೆ ಬಿಟ್ಟ. ಮತ್ತೆ ದಾಟಿತು. ಆರು ಸಲ.

ಅವನು ಕೊರಳಿನಿಂದ ಪೆಟ್ಟಿಗೆ ತೆಗೆದು ನನ್ನ ಕೈಗೆ ಕೊಟ್ಟ. "ಸಾಕು ಸ್ವಾಮಿ. ನಾನೇ ಕೊಂದಿವ್ನಿ. ಇನ್ನೇನ್ ನೋಡದು" ಎಂದು ನಾಲೆಯ ಕಡೆ ನಡೆದ.

ನನಗೆ ಭಯವಾಯಿತು. ಅವನನ್ನು ಹೇಗೆ ತಡೆಯಬೇಕೋ ತಿಳಿಯದೆ, "ಇರಯ್ಯಾ, ಇನ್ನೊಂದೇ ಸಲ, ಈ ಸಲ ನಾನು ತುಂಬುತ್ತೇನೆ" ಎಂದು ಬಾಯಿಗೆ ಬಂದದ್ದನ್ನು ಕೂಗಿದೆ. ಕಟ್ಟುಗಳನ್ನೆಲ್ಲ ಇಳಿಸಿ ಗಡಿಬಿಡಿಯಿಂದ ಮತ್ತೆ ಪೇರಿಸಿದೆ. ನಾನು ಪೇಟೆ ಬೀದಿಯ ಅಯ್ಯಂಗಾರಿ. ಕಬ್ಬನ್ನು ಆಲೆಮನೆಯಲ್ಲಿ ರಸವಾಗಿ ಕುಡಿದು ಗೊತ್ತೇ ಹೊರತು ಲಾರಿಗೆ ತುಂಬಿ ಗೊತ್ತಿಲ್ಲ. ಪೊರಕೆಯ ಕಡ್ಡಿ ಹೇಗೆ ಕಟ್ಟುತ್ತಾರೋ ಹಾಗೆ, ದಪ್ಪ ಬುಡವೆಲ್ಲ ಒಂದು ಕಡೆ, ಸಣ್ಣ ತುದಿಯೆಲ್ಲ ಇನ್ನೊಂದು ಕಡೆ ಬರುವಂತೆ ನೀಟಾಗಿ ಇಟ್ಟೆ. ಗುಂಡಿ ಒತ್ತಿದೆ. ಲಾರಿ ನಡೆಯುವವನಿಗಿಂತ ಮೆಲ್ಲಗೆ ತಿರುವಿಗೆ ಹೋಯಿತು, ಹಳ್ಳಕ್ಕಿಳಿಯಿತು, ಬಲಕ್ಕೆ ವಾಲಿತು, ವಾಲುತ್ತಲೇ ಹೋಗಿ ಮಗುಚಿಕೊಂಡಿತು.

ನಾನು ಕೂಗಿಕೊಂಡೆ. ನಿಂಗಯ್ಯ ತಿರುಗಿ ಕುಂಟುತ್ತಾ ಓಡಿಬಂದ. ಚೆಲ್ಲಿದ ಕಟ್ಟುಗಳನ್ನು ನೋಡಿದವನೇ ನನ್ನ ಮೇಲೆ ಹರಿಹಾಯ್ದ.

"ಯಾರ್ ಸ್ವಾಮಿ ಇಂಗೆ ಪೇರ್ಸೋರು? ಬುಡ ಎಲ್ಲ ಒಂದೇ ಕಡೀಕ್ ಆಕವ್ರೆ! ಒಂದ್ ಕಟ್ಟು ಇಂಗೆ, ಒಂದ್ ಕಟ್ಟು ಅಂಗೆ, ತಿರುಗ್ಸಿ ತಿರುಗ್ಸಿ ಆಕ್ಬೇಕು. ಇಲ್ದೆ ಓದ್ರೆ ಬಾರ ಎಲ್ಲ ಒಂದೇ ಪಕ್ಕ..."

ಅಲ್ಲಿಗೆ ಅವನ ಮಾತು ನಿಂತಿತು. ಆಮೇಲೆ ಮೆಲ್ಲಗೆ ಮಣ್ಣಿನ ಮೇಲೆ ಕೂತ.

ಅವನಿಗೆ ಆ ದಿನ ನೆನಪಾಗುತ್ತಿತ್ತು. ಒಂದೊಂದಾಗಿ ಹೇಳಿದ. ಗದ್ದೆಯ ಒಂದು ಪಕ್ಕ ಕೆಸರಿದ್ದದ್ದರಿಂದ ಆಳುಗಳು ಲಾರಿಯ ಒಂದೇ ಪಕ್ಕದಿಂದ ಕಟ್ಟು ಎತ್ತಿಕೊಡುತ್ತಿದ್ದರು, ಎಲ್ಲ ಬುಡ ಮುಂದಾಗಿ. ಲಾರಿಯ ಮೇಲೆ ನಿಂತವನು ಒಂದು ಬಿಟ್ಟು ಒಂದನ್ನು ತಿರುಗಿಸಿ ಹಾಕಬೇಕು. ಅದು ಕ್ಲೀನರನ ಕೆಲಸ. ಮೇಲೆ ನಿಂತಿದ್ದವನು ಮರಿಸಿದ್ದಯ್ಯ. ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಗಿತ್ತು. ಕಾರ್ಖಾನೆಯ ಮುಂದೆ ಲಾರಿಗಳ ಸಾಲು ಬೆಳೆಯುವ ಮೊದಲು ಹೋಗಬೇಕೆಂಬ ಅವಸರದಲ್ಲಿ ತಿರುಗಿಸಲಿಲ್ಲ. ನಿಂಗಯ್ಯ ಬದುವಿನ ಮೇಲೆ ಬೀಡಿ ಸೇದುತ್ತಾ ಕೂತಿದ್ದ.

"ಬಲಗಡೀಕ್ ವಾಲೈತೆ ಬಾವ ಅಂತ ಅವ್ನೇ ಅಂದ ಸ್ವಾಮಿ. ಚಕ್ರ ಸಾಲಲ್ಲಿ ಇಳ್ದೈತೆ ಬುಡ್ಲಾ ಅಂದೆ. ಒಂದ್ ಸುತ್ ಬಂದು ನೋಡ್ನಿಲ್ಲ."

ನಾನು ಕುಣಿಯುವುದೊಂದು ಬಾಕಿ. "ಗೆದ್ದೆ ಕಣಯ್ಯಾ! ನೀನು ಜೋರಾಗಿ ಓಡಿಸಿಲ್ಲ, ಕುಡಿದಿಲ್ಲ. ಲಾರಿ ಬಿದ್ದದ್ದು ತುಂಬಿದ ರೀತಿಯಿಂದ. ಇನ್ನೇನು, ಹೆಂಡತಿಯನ್ನು ಕರೆಸಿ ತೋರಿಸು" ಎಂದೆ.

ಅವನು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಯಾರ್ಗೂ ಏಳ್ಬ್ಯಾಡಿ ಸ್ವಾಮಿ. ಅವ್ನ್ನ ಲಾರಿಗೆ ಆಕ್ಸಿದ್ದು ಅವ್ಳೇ. ಇವ್ನಿಗೆ ಇನ್ನೂ ಕೆಲ್ಸ ಬರಾಕಿಲ್ಲ ಕಣಮ್ಮೀ, ಒಂದ್ ವರ್ಸ ಕಳೀಲಿ ಅಂದಿದ್ದೆ. ಎಲ್ಡ್ ದಿನ ಉಣ್ದಂಗೆ ಹಠ ಮಾಡಿ ಆಕ್ಸುದ್ಲು."

ಇಷ್ಟು ಕೇಳಿದ ಮೇಲೂ ನನ್ನ ತಲೆಗೆ ಏನೂ ಇಳಿಯಲಿಲ್ಲ. ಹಳ್ಳಿಯವರ ಅತಿ ಸಂಕೋಚ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನ್ನ ಯಂತ್ರ ಗೆದ್ದಿತ್ತು, ಅದನ್ನು ಯಾರಿಗಾದರೂ ತೋರಿಸದೆ ನನಗೆ ನಿದ್ದೆ ಬರುವಂತಿರಲಿಲ್ಲ. ಗಂಡ ಹೆಂಡಿರನ್ನು ಒಂದು ಮಾಡುತ್ತಿದ್ದೇನೆ ಎಂಬ ದೊಡ್ಡಸ್ತಿಕೆಯೂ ಸೇರಿಕೊಂಡಿತು. ಮುಂದಿನ ಭಾನುವಾರ ಅವನಿಗೆ ತಿಳಿಸದೆ ಬೆಳಗಿನ ಮೊದಲ ಬಸ್ಸು ಹತ್ತಿ ಮದ್ದೂರಿನ ಮೇಲೆ ಮಳವಳ್ಳಿಗೆ ಹೋದೆ.

ಮಂಗಳಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಎತ್ತರದ, ನೇರ ಕಣ್ಣಿಟ್ಟು ನೋಡುವ ಹೆಂಗಸು. ನಾನು ಯಾರೆಂದು ಹೇಳಿಕೊಂಡೆ. ನಿನ್ನ ಗಂಡನದು ತಪ್ಪಿಲ್ಲ, ಲಾರಿ ಯಾಕೆ ಬಿತ್ತು ಎನ್ನುವುದಕ್ಕೆ ಕಣ್ಣೆದುರು ತೋರಿಸುವ ಪುರಾವೆಯಿದೆ, ಬಂದು ನೋಡು ಎಂದೆ. ಅವಳು ಮೊರ ಕೆಳಗಿಟ್ಟಳು.

"ಎಲ್ಡ್ ವರ್ಸದಿಂದ ಅವ್ನ ಬೈಕಂಡೇ ಬದ್ಕಿವ್ನಿ ಸ್ವಾಮಿ. ಅವ್ನದು ತಪ್ಪಿಲ್ಲ ಅಂದ್ರೆ ನಾ ಓಗಿ ಅವ್ನ ಕಾಲಿಗ್ ಬೀಳ್ತೀನಿ" ಎಂದಳು. ಸೀರೆ ಬದಲಾಯಿಸಿ ಒಂದು ಚೀಲದಲ್ಲಿ ನಾಲ್ಕು ಬಟ್ಟೆ ತುಂಬಿಕೊಂಡೇ ಹೊರಟಳು. ಇರಲು ಬರುತ್ತಿದ್ದಾಳೆ ಎಂದು ನೋಡಿ ನನಗೆ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಹಿಗ್ಗೋ ಹಿಗ್ಗು.

ಕೊತ್ತತ್ತಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ನಿಂಗಯ್ಯ ಹೊಲದಲ್ಲಿ ಮಣ್ಣಿನ ಏರಿಯನ್ನು ಸನಿಕೆಯಿಂದ ಒಡೆಯಲು ನಿಂತಿದ್ದ. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಹೆಂಡತಿಯನ್ನು ನೋಡಿದವನ ಮುಖ ಅರಳಿತು. ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಅರಳಿತು. ಅವಳ ಕೈಯಲ್ಲಿದ್ದ ಚೀಲವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಓಡ್ಸು, ನೋಡ್ತೀನಿ" ಎಂದಳು ಮಂಗಳಮ್ಮ.

ಅವನು ಕಟ್ಟುಗಳನ್ನು ಪೇರಿಸಿದ. ತಿರುಗಿಸಿ ಹಾಕಿದ್ದರೆ ಲಾರಿ ಬೀಳುತ್ತಿರಲಿಲ್ಲ. ಯಂತ್ರ ಕೆಟ್ಟಿದೆ ಎಂದು ಹೇಳಿ ಕಳಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಬುಡವೆಲ್ಲ ಬಲಕ್ಕೆ ಇಟ್ಟ. ಎರಡು ವರ್ಷ ಹುಡುಕಿದ ನಿಜವನ್ನು ಒಮ್ಮೆ ಅವಳಿಗೆ ತೋರಿಸದೆ ಇರಲು ಅವನಿಂದ ಆಗಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಗುಂಡಿ ಒತ್ತಿದ. ಲಾರಿ ಮೆಲ್ಲಗೆ, ಬಹಳ ಮೆಲ್ಲಗೆ, ತಿರುವಿಗೆ ಹೋಗಿ ಬಲಕ್ಕೆ ಮಗುಚಿತು.

"ಇಷ್ಟೇ ನಿದಾನುಕ್ ಓಗ್ತಿತ್ತಾ?" ಎಂದು ಕೇಳಿದಳು.

"ಇಷ್ಟೇ ಕಣಮ್ಮೀ."

ಅವಳು ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಕಟ್ಟೊಂದನ್ನು ಎತ್ತಿಕೊಂಡಳು. ಇನ್ನೊಂದನ್ನು ಎತ್ತಿಕೊಂಡಳು. ಕಬ್ಬಿನ ಗದ್ದೆಯಲ್ಲಿ ಬೆಳೆದ ಹೆಣ್ಣು ಅವಳು. ನನಗೆ ಏಳು ತಿಂಗಳು ಹಿಡಿದದ್ದು ಅವಳಿಗೆ ಒಂದು ನಿಮಿಷ ಹಿಡಿಯಲಿಲ್ಲ.

"ಬುಡ ಎಲ್ಲ ಒಂದೇ ಪಕ್ಕ ಐತೆ" ಎಂದಳು. ತಲೆ ಎತ್ತಿದಳು. "ಅವತ್ತು ಯಾರು ಪೇರ್ಸಿದ್ದು?"

ಆ ಕ್ಷಣದವರೆಗೂ ಈ ಪ್ರಶ್ನೆ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ವಿಜ್ಞಾನ ಕಲಿತವನು, ಹದಿನೈದು ವರ್ಷ ಸೈನ್ಯದಲ್ಲಿ ದುಡಿದವನು, ಹೊಳೆದಿರಲಿಲ್ಲ. ಆಗ ಹೊಳೆಯಿತು.

"ನಾನು" ಎಂದ ನಿಂಗಯ್ಯ.

"ನೀನಾ? ಅವ್ನೇನ್ ಮಾಡ್ತಿದ್ದ?"

"ಅವ್ನು ಕೆಳಗಡೆ ಕಟ್ಟು ಎತ್ಕೊಡ್ತಿದ್ದ. ಬಿರ್ರನೆ ಓಗ್ಬೇಕು ಅಂತ ನಾನೇ ಮ್ಯಾಲೆ ಅತ್ತಿ ಪೇರ್ಸುದೆ. ತಿರುಗ್ಸಿ ಆಕ್ನಿಲ್ಲ."

"ಅನ್ನೆಲ್ಡ್ ವರ್ಸ ಕಬ್ಬು ಒಡ್ದವ್ನು ನೀನು. ಇಂಗೆ ಪೇರ್ಸಿ, ಅದ್ರ ಮ್ಯಾಲೆ ನನ್ ತಮ್ಮನ್ನ ಕೂರ್ಸುದ್ಯಾ?"

"ಊಂ."

ಅವಳು ಎದ್ದು ನಿಂತಳು. ನನ್ನ ಕಡೆ ತಿರುಗಿದಳು. ಗಂಡನ ಮಾತು ಅವಳಿಗೆ ಪೂರ್ತಿ ನಂಬಿಕೆಯಾಗಿರಲಿಲ್ಲ. ಮುಖದಲ್ಲಿ ಎಲ್ಲೋ ಒಂದು ಅನುಮಾನವಿತ್ತು, ಅದರ ಹಿಂದೆಯೇ ಒಂದು ಹೆದರಿಕೆ ಏಳುತ್ತಿತ್ತು.

"ಸ್ವಾಮಿ, ನೀವು ಓದಿದೋರು, ಸುಳ್ಳೇಳಾಕಿಲ್ಲ. ನೀವೇ ಏಳಿ. ಇವ್ನೇ ಪೇರ್ಸಿದ್ದಾ? ಇಲ್ಲ, ನಮ್ ಮರಿಸಿದ್ದನಾ?"

ನಿಂಗಯ್ಯ ನನ್ನತ್ತ ನೋಡಲಿಲ್ಲ. ಮಗುಚಿದ ಲಾರಿಯ ಹತ್ತಿರ ಬಗ್ಗಿ, ಸುಮ್ಮನೆ ಚಕ್ರವೊಂದನ್ನು ಬೆರಳಿನಿಂದ ತಿರುಗಿಸುತ್ತಿದ್ದ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಒಂದೇ ಮಾತಿನಿಂದ ಅವನ ಹೆಂಡತಿಯನ್ನು ಅವನಿಗೆ ಹಿಂತಿರುಗಿಸಬಹುದಿತ್ತು. ಆ ಮಾತು ನಿಜವಾದ ಮಾತೂ ಆಗಿತ್ತು. ಅವಳನ್ನು ಇಲ್ಲಿಯವರೆಗೆ ಕರೆತಂದವನೂ ನಾನೇ.

"ಇವನೇ ಅಮ್ಮಾ" ಎಂದೆ.

ಅವಳು ಬದುವಿನ ಮೇಲಿಟ್ಟಿದ್ದ ಬಟ್ಟೆಯ ಚೀಲ ಎತ್ತಿಕೊಂಡು ನಾಲೆಯ ದಾರಿ ಹಿಡಿದಳು. ದೇವಿರಮ್ಮ ಮನೆಯಿಂದ ಓಡಿಬಂದು ಸೊಸೆಯ ಕೈ ಹಿಡಿದಳು. ಅವಳು ಬಿಡಿಸಿಕೊಂಡು ನಡೆದಳು. ನಾನು ನಿಂಗಯ್ಯನ ಮುಂದೆ ಕೈ ಮುಗಿದು ನಿಂತೆ. ನನ್ನ ಜನ್ಮದಲ್ಲಿ ದೇವರ ಮುಂದಲ್ಲದೆ ಬೇರೆಲ್ಲೂ ಹಾಗೆ ನಿಂತವನಲ್ಲ. ಅವನು ಅದನ್ನು ಗಮನಿಸಲೇ ಇಲ್ಲ, ಅವಳು ಹೋಗುತ್ತಿದ್ದ ದಾರಿಯನ್ನೇ ನೋಡುತ್ತಿದ್ದ.

"ಸ್ವಾಮಿ, ಅವ್ಳು ಆ ಕಡೆ ಓಯ್ತಾವ್ಳೆ. ತೂಬಿನ್ ತಾವ್ ನಾಲೆ ದಾಟೋ ಅಲ್ಗೆ ಮುರ್ದೋಗೈತೆ, ಅವ್ಳ್ಗೆ ಗೊತ್ತಿಲ್ಲ. ನಾ ಕೂಗಿದ್ರೆ ನಿಲ್ಲಾಕಿಲ್ಲ. ಸುತ್ತಾಕ್ಕಂಡ್ ಓಗು ಅನ್ನಿ."

ನಾನು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಅವಳು ಒಂದು ಗಳಿಗೆ ನಿಂತಳು. ಹಿಂದಿರುಗಿ ನೋಡದೆ, ಸುತ್ತಿನ ದಾರಿಗೆ ತಿರುಗಿ ಹೋದಳು.